ನೀರನ್ನು ಬಲಕ್ಕೆ ಹಾಕಿಕೊಂಡು

ಬೈಸಿಕಲ್ಲನ್ನು ಎಲ್ಲರೂ ಎಡಗಡೆಯಿಂದಲೇ ಹತ್ತುತ್ತಾರೆ. ಏಕೆಂದು ಕೇಳಿದರೆ ಹೇಳುವವರಿಲ್ಲ. ನಾನೊಮ್ಮೆ ಬಲಗಡೆಯಿಂದ ಹತ್ತಿ ನೋಡಿದೆ. ಹತ್ತಿದ್ದೇನೋ ಬಲಗಡೆಯಿಂದಲೇ, ಇಳಿದದ್ದು ಮಾತ್ರ ಕತ್ತಾಳೆ ಬೇಲಿಯೊಳಕ್ಕೆ. ನಮ್ಮಜ್ಜಿ ನನಗೆ ಮಾತು ಕಲಿಸುತ್ತಲೇ ನಡೆಯನ್ನೂ ಕಲಿಸಿದವಳು. ಹೊಸಿಲು ದಾಟಲು ಬಲಗಾಲು, ಕೊಡಲು ಕೊಳ್ಳಲು ಬಲಗೈ, ಏಳುವಾಗ ಬಲಮಗ್ಗುಲು. ಎಡಮಗ್ಗುಲಲ್ಲಿ ಎದ್ದುಬಂದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದಳು. ಅಂಥವಳ ಮೊಮ್ಮಗ ದಿನ ಬೆಳಗಾದರೆ ಎಡಗಾಲನ್ನು ಮುಂದಿಟ್ಟು ಸವಾರಿ ಹೊರಡುವುದನ್ನು ಅವಳು ನೋಡಲಿಲ್ಲ, ಪುಣ್ಯವಂತೆ. ಬಿಳಿಯರ ಸೀಮೆಯಿಂದ ಹಡಗು ಹತ್ತಿ ಬಂದ ಗಾಡಿಗೆ ನಮ್ಮ ಮಡಿ ಮೈಲಿಗೆ ತಿಳಿಯದು ಎಂದು ನಾನೂ ಸುಮ್ಮನಿದ್ದೆ. ಸುಮ್ಮನಿರಲು ಬಿಡದವರು ಮತ್ತೋಡು ಎಂಬ ಊರಿನ ಆಚೆ ಒಬ್ಬರು ಸಿಕ್ಕಿದರು.

ಗಾಡಿ ನನ್ನ ಕೈಗೆ ಬಂದದ್ದು ಹೊಳಲ್ಕೆರೆ ಸ್ಟೇಷನ್ನಿನಲ್ಲಿ. ನಮ್ಮ ಚಿತ್ರದುರ್ಗಕ್ಕೆ ಕೋಟೆಯಿದೆ, ಕಲ್ಲಿದೆ, ಗಾಳಿಯಿದೆ, ರೈಲಿಲ್ಲ. ಬೆಂಗಳೂರಿನ ಗೆಳೆಯನೊಬ್ಬ ತಾನು ಓಡಿಸಿ ಬೇಸತ್ತ ಬೈಸಿಕಲ್ಲನ್ನು ಗೋಣಿ ಸುತ್ತಿ ರೈಲಿಗೆ ಹಾಕಿದ್ದ. ಬಿಡಿಸಿಕೊಂಡು, ತುಳಿದುಕೊಂಡು ಮನೆಗೆ ಹೋಗುವುದಷ್ಟೇ ನನ್ನ ಕೆಲಸ. ಆದರೆ ಕೈಗೆ ಹೊಸ ಗಾಡಿ ಬಂದವನು ನೆಟ್ಟಗೆ ಮನೆಗೆ ಹೋದದ್ದುಂಟೇ? ಕೆಲವೇ ವರ್ಷಗಳ ಹಿಂದೆ ಮಾರಿ ಕಣಿವೆಯಲ್ಲಿ ಸರ್ಕಾರ ವೇದಾವತಿ ನದಿಗೆ ಕಟ್ಟೆ ಕಟ್ಟಿಸಿತ್ತು. ಬೆಟ್ಟಗಳ ನಡುವೆ ಸಮುದ್ರದಂಥ ಕೆರೆ ನಿಂತಿದೆಯೆಂದು ಕಂಡವರೆಲ್ಲ ಹೇಳುವುದು, ನಾನು ಬಾಯಿ ಬಿಟ್ಟು ಕೇಳುವುದು ನಡೆದೇ ಇತ್ತು. ಹೊಸದುರ್ಗ, ಮತ್ತೋಡು, ಹಿರಿಯೂರು ಎಂದು ಅದನ್ನು ಒಂದು ಸುತ್ತು ಹಾಕಿಯೇ ಮನೆ ಸೇರುವುದೆಂದು ನಿಶ್ಚಯಿಸಿದೆ. ಗಾಡಿಯನ್ನು ಹೊಸದುರ್ಗದ ದಾರಿಗೆ ತಿರುಗಿಸಿದಾಗ ಸ್ಟೇಷನ್ ಮಾಸ್ತರರು ಮರುಕದಿಂದ, "ಸ್ವಾಮಿ, ದುರ್ಗ ಆ ಕಡೆ," ಎಂದರು. ತಿಳಿದೇ ಹೋಗುತ್ತಿದ್ದೇನೆ ಎಂದದ್ದಕ್ಕೆ ಅವರ ಮರುಕ ಇನ್ನೂ ಹೆಚ್ಚಿತು.

ಈ ಕಡೆಯ ದಾರಿಗಳಲ್ಲಿ ದೂರ ಕೇಳಬಾರದು. ಕೇಳಿದರೆ ಎಲ್ಲ ಊರೂ "ಇಲ್ಲೇ ಐತೆ." ನಡೆದು ಬಂದವನ ಆಯಾಸ ನೋಡಿ ಕರುಣೆಯಿಂದ ಹೇಳುವ ಮಾತು ಅದು, ಅಳತೆಯಲ್ಲ. ಜಾಲಿಮುಳ್ಳಿಗೂ ನನ್ನ ಟೈರಿಗೂ ಹೊಸದುರ್ಗ ಮುಟ್ಟುವುದರೊಳಗೇ ಒಳ್ಳೆಯ ಪರಿಚಯವಾಯಿತು. ಆದರೂ ಏರು ಮುಗಿದು ಇಳುಕಲು ಸಿಕ್ಕಾಗ ಎರಡೂ ಕಾಲು ಚಾಚಿ ಗಂಟೆ ಬಾರಿಸುತ್ತ ಇಳಿದರೆ, ರಾಗಿ ಹೊಲ ಉಳುವವರು ನೇಗಿಲು ಹಿಡಿದು ನಿಂತು ನೋಡಿದರೆ, ಮಹಾರಾಜರ ಸವಾರಿಗೂ ನನ್ನದಕ್ಕೂ ಇದ್ದ ವ್ಯತ್ಯಾಸ ಆನೆಯೊಂದೇ ಅನ್ನಿಸುತ್ತಿತ್ತು. ಮತ್ತೋಡು ದಾಟಿ ಒಂದು ದಿಣ್ಣೆ ಏರಿದಾಗ ನೀರು ಕಂಡಿತು. ಗುಡ್ಡಗಳು ಸೊಂಟದವರೆಗೆ ಇಳಿದು, ಮುಂದೆ ಹೋಗಲು ಅಂಜಿ ನಿಂತ ಹಾಗಿತ್ತು.

ಅಲ್ಲೇ ಒಂದು ಪುಟ್ಟ ಊರು. ಮಾಡಿಗೆ ಹೊದಿಸಿದ ಹುಲ್ಲಿನ್ನೂ ಹೊಸದು, ಮರಗಳು ಆಳೆತ್ತರಕ್ಕೂ ಬಂದಿರಲಿಲ್ಲ. ಮೊದಲ ಮನೆಯ ಮುಂದೆ ಕುಳಿತಿದ್ದ ಮುದುಕಿಯನ್ನು ಮಜ್ಜಿಗೆ ಕೇಳಿದೆ. ಕೆಂಚವ್ವ ಎಂದು ಅವಳ ಹೆಸರು. ಚೆಂಬು ತುಂಬ ತಂದುಕೊಟ್ಟು, ನಾನು ಕುಡಿಯುವುದನ್ನು ನೋಡುತ್ತ ನಿಂತಳು.

"ಎಲ್ಲಿಂದ ಬಂದ್ಯಪ್ಪ?"

"ಹೊಳಲ್ಕೆರೆಯಿಂದ, ಅವ್ವ. ದುರ್ಗಕ್ಕೆ ಹೋಗಬೇಕು."

"ಹೊಳಲ್ಕೆರೆಯಿಂದ ದುರ್ಗಕ್ಕೆ ಇತ್ತಾಗ್ಯಾಕೆ ಬಂದಿ? ದಾರಿ ತಪ್ತೇನು?"

"ಇಲ್ಲ, ಕಣಿವೆ ಕೆರೆ ಸುತ್ತಿಕೊಂಡು ಹೋಗೋಣ ಅಂತ."

ಅವಳ ಬೆರಳು ಗಾಳಿಯಲ್ಲಿ ಮೆಲ್ಲಗೆ ಒಂದು ಸುತ್ತು ಬರೆಯಿತು. ಹೊಸದುರ್ಗ, ಮತ್ತೋಡು, ಹಿರಿಯೂರು ಎಂದು ತುಟಿ ಅಲ್ಲಾಡಿತು. ಬೆರಳು ಅಲ್ಲೇ ನಿಂತಿತು.

"ಅಯ್ಯೋ ನಿನ್ನ! ಎಡಕ್ಕೆ ಹಾಕ್ಕಂಡು ಸುತ್ತು ಬರ್ತಾ ಇದೀಯೇನೋ, ತಾಯೀನ!"

ನೋಡಿದೆ. ಹೌದು, ನೀರೆಲ್ಲ ನನ್ನ ಎಡಗೈ ಕಡೆಗಿತ್ತು. ಬೆಳಗಿನಿಂದಲೂ ಅಲ್ಲೇ ಇತ್ತು. ನಾನು ಪ್ರದಕ್ಷಿಣೆ ಹೊರಟವನಲ್ಲ, ಹರಕೆ ಹೊತ್ತಿಲ್ಲ, ಸುಮ್ಮನೆ ಮನೆಗೆ ಹೋಗುವವನು ಎಂದು ಬೇಡಿಕೊಂಡೆ.

"ಸುತ್ತು ಅಂದ್ರೆ ಸುತ್ತೇ ಕಣಪ್ಪ. ನೀನು ಹರಕೆ ಹೊತ್ತಿಲ್ಲ ಅಂತ ಅವಳಿಗೇನು ಗೊತ್ತು? ತಿರುಗಿಸು ಗಾಡೀನ."

ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ತೋಳು ಹಿಡಿದು ದಿಣ್ಣೆಯ ಅಂಚಿಗೆ ಕರೆದೊಯ್ದು ಕೆಳಗೆ ತೋರಿಸಿದಳು. ಬೇಸಿಗೆಯ ಕೊನೆ, ನೀರು ಹಿಂದಕ್ಕೆ ಸರಿದು ಬಿರುಕು ಬಿಟ್ಟ ಕೆಸರಿನ ನಡುವೆ ಒಂದು ಮೊಂಡು ಗೋಡೆ ತಲೆಯೆತ್ತಿತ್ತು.

"ಅದು ನಮ್ಮೂರ ಗುಡಿ. ಅದರ ಹಿಂದ್ಲದೇ ನಮ್ಮನೆ. ಇಲ್ಲೀ ತನಕ ನೀರು ಬರ್ತೈತೆ, ಏಳ್ರಿ ಅಂದ್ರು ಸರ್ಕಾರದೋರು. ಎದ್ವಿ. ಈಗ ಗ್ವಾಡೆ ನೋಡು, ನಿಮ್ಮನ್ನ ಯಾರು ಏಳ್ಸಿದ್ರು ಅಂತ ಕೇಳ್ತೈತೆ. ಅವಳು ತುಂಬಿದ್ಲೋ, ನಾವು ಊರು ಕೊಟ್ಟೋರು. ತುಂಬ್ಲಿಲ್ಲ ಅನ್ನು, ನಾವು ಸುಮ್ನೆ ಊರು ಬಿಟ್ಟೋರು. ಇನ್ನು ನೀನೊಬ್ಬ ಬಂದು ಎಡಸುತ್ತು ಹಾಕ್ತೀನಿ ಅಂತೀಯ."

ಆಮೇಲೆ ನನಗೂ ನಗು ಬರಲಿಲ್ಲ.

ನಮ್ಮ ಜನ ಸುತ್ತುವ ಜನ. ಅರಳಿಮರ ಸುತ್ತುತ್ತೇವೆ, ಗುಡಿ ಸುತ್ತುತ್ತೇವೆ. ಕಣದಲ್ಲಿ ಎತ್ತು ಮೇಟಿ ಕಂಬವನ್ನು ಸುತ್ತುತ್ತದೆ, ಗಾಣದೆತ್ತು ಕಣ್ಣು ಕಟ್ಟಿಸಿಕೊಂಡು ತಾನೆಲ್ಲಿಗೋ ಹೋಗುತ್ತಿದ್ದೇನೆಂದುಕೊಂಡು ಸುತ್ತುತ್ತದೆ. ಪ್ರದಕ್ಷಿಣೆ ಎಂಬ ಮಾತಿನ ಒಳಗೇ ಬಲಗಡೆ ಕೂತಿದೆ. ಯಾವುದು ದೊಡ್ಡದೋ ಅದನ್ನು ನಾವು ದುಡಿಯುವ ಕೈಯ ಕಡೆ, ಉಣ್ಣುವ ಕೈಯ ಕಡೆ ಇಟ್ಟುಕೊಂಡು ನಡೆಯಬೇಕೆಂಬುದಷ್ಟೇ ಅದರ ಅರ್ಥವಿರಬೇಕು. ಕಟ್ಟೆ ಕಟ್ಟಿದ ಇಂಜಿನಿಯರುಗಳು ನೀರಿನ ಆಳ ಅಗಲಗಳನ್ನೆಲ್ಲ ಲೆಕ್ಕ ಹಾಕಿದ್ದಾರೆ. ಅದಕ್ಕೆ ಬಲ ಯಾವುದು ಎಡ ಯಾವುದು ಎಂದು ಕೇಳಿದವಳು ಮನೆ ಬಿಟ್ಟುಕೊಟ್ಟ ಕೆಂಚವ್ವ. ಸರ್ಕಾರಕ್ಕೆ ಅದು ಕೆರೆ. ಇವಳಿಗೆ ತನ್ನ ಮನೆಯಲ್ಲಿ ಬಂದು ಕೂತ ತಾಯಿ.

ಹಾಗೆಂದು ಮತ್ತೆ ಹೊಸದುರ್ಗದ ಮುಳ್ಳು ತುಳಿಯುವ ಶಕ್ತಿ ನನ್ನ ಕಾಲಿಗಿರಲಿಲ್ಲ. ಈ ಪೇಚಿನಲ್ಲಿ ನಿಂತಾಗ ಅವಳ ಮಗ ರುದ್ರಪ್ಪ ಎತ್ತಿನ ಗಾಡಿ ಹೂಡಿಕೊಂಡು ಬಂದ. ಹಿರಿಯೂರಿನ ಕಡೆಗೆ ಹೊರಟವನು. ಸಂಗತಿ ಕೇಳಿ ತಲೆ ಕೆರೆದುಕೊಂಡ.

"ಅವ್ವಾ, ಬಲಗೈ ತಾಯಿ ಕಡೆಗಿದ್ರೆ ಸಾಕಲ್ಲವೇನೇ?"

"ಸಾಕು."

"ಹಂಗಾದ್ರೆ ಹತ್ರಿ ಸ್ವಾಮಿ. ಬೈಸಿಕಲ್ಲು ಮ್ಯಾಲೆ ಹಾಕ್ರಿ. ನೀವು ಹಿಂದ್ಗಡೆ ಕಾಲು ಇಳೇಬಿಟ್ಕಂಡು, ಬಂದ ದಾರಿಗೆ ಮುಖ ಮಾಡಿ ಕುಂತ್ಕಳ್ರಿ. ಹೋಗಾಣ."

ಕೆಂಚವ್ವ ನನ್ನನ್ನು ಕೂರಿಸಿ, ನೀರನ್ನೊಮ್ಮೆ ನನ್ನ ಕೈಯನ್ನೊಮ್ಮೆ ನೋಡಿದಳು. ನೀರು ಬಲಕ್ಕೆ ಬಂದಿತ್ತು. "ಇವತ್ತಿಗೆ ನಡೀತೈತೆ," ಎಂದಳು. "ಆದ್ರೆ ನೆಟ್ಟಗೆ ಒಂದು ಸುತ್ತು ಹಾಕ್ಕೊಡಬೇಕು ನೀನು." ಆಗಲಿ ಎಂದೆ.

ಹೀಗೆ, ಬೆಂಗಳೂರಿನಿಂದ ತರಿಸಿದ ಬೈಸಿಕಲ್ಲನ್ನು ಎತ್ತಿನ ಗಾಡಿಗೆ ಹತ್ತಿಸಿ, ಮುಂದೆ ಹೋಗುತ್ತ ಹಿಂದೆ ನೋಡುತ್ತ ಸವಾರಿ ಮಾಡಿದವನು ಮೈಸೂರು ಸಂಸ್ಥಾನದಲ್ಲಿ ನಾನೊಬ್ಬನೇ ಇರಬೇಕು. ಎದುರಾದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೋ ಹಿತವಾಗಿತ್ತು. ಬೈಸಿಕಲ್ಲಿನ ಮೇಲೆ ಕುಳಿತವನಿಗೆ ಮುಂದಿನ ಕಲ್ಲು, ಮುಂದಿನ ಮುಳ್ಳು ಇಷ್ಟೇ ಕಾಣುವುದು. ಗಾಡಿಯ ಹಿಂದೆ ಕುಳಿತವನಿಗೆ ಬಿಟ್ಟುಬಂದದ್ದು ಅಗಲವಾಗುತ್ತ ಹೋಗುವುದು ಕಾಣುತ್ತದೆ. ದಿಣ್ಣೆಯ ಮೇಲೆ ಕೆಂಚವ್ವ ಚುಕ್ಕೆಯಾಗುವವರೆಗೂ ನಿಂತೇ ಇದ್ದಳು. ನೀರು ಕಣ್ಮರೆಯಾದ ಮೇಲೆ ರುದ್ರಪ್ಪ ನನ್ನನ್ನು ಇಳಿಸಿ, "ಇನ್ನು ಹ್ಯಾಗಾರ ಹೋಗ್ರಿ," ಎಂದು ಬಿಡುಗಡೆ ಕೊಟ್ಟ.

ಮಾತು ಕೊಟ್ಟಿದ್ದೆನಲ್ಲ, ಮೊದಲ ಮಳೆ ಬೀಳುವ ಮುಂಚೆ ದುರ್ಗದಿಂದ ಹಿರಿಯೂರಿಗೆ ಬಂದು, ನೀರನ್ನು ಬಲಕ್ಕೆ ಹಾಕಿಕೊಂಡು, ಹೊಸದುರ್ಗ ಹೊಳಲ್ಕೆರೆ ಮೇಲೆ ಸುತ್ತು ಮುಗಿಸಿದೆ. ಆ ದಾರಿ ಎಷ್ಟು ಹಿಡಿಸಿತೆಂದರೆ, ಗೆಳೆಯರೊಬ್ಬರನ್ನು ಜೊತೆಗೆ ಕಟ್ಟಿಕೊಂಡು ಇನ್ನೊಮ್ಮೆಯೂ ಸುತ್ತಿದೆ. ಎರಡು ಸಲವೂ ಕೆಂಚವ್ವನ ಮನೆಯ ಮಜ್ಜಿಗೆ. ಆ ವರ್ಷ ನದಿ ಹುಟ್ಟುವ ಬಾಬಾಬುಡನ್ ಗಿರಿಯ ಕಡೆ ಮಳೆ ಹಿಡಿದುಕೊಂಡು ಹೊಯ್ಯಿತಂತೆ. ವೇದಾವತಿ ಕೆಂಪಾಗಿ ಇಳಿದು ಬಂದಳಂತೆ. ಇದು ಮಳೆಯ ಕೆಲಸವೆಂದು ನನಗೆ ಗೊತ್ತು. ಕೆಂಚವ್ವನ ಮುಂದೆ ಹಾಗೆನ್ನುವ ಧೈರ್ಯ ನನಗಿಲ್ಲ.

ದೀಪಾವಳಿ ಕಳೆದ ಮೇಲೆ ಹೋದೆ. ಗುಡಿಯ ಗೋಡೆ ಕಾಣಲಿಲ್ಲ. ಅದಿದ್ದ ಜಾಗವೂ ತಿಳಿಯಲಿಲ್ಲ. ಬೈಸಿಕಲ್ಲಿನಿಂದ ಇಳಿಯುವ ಮೊದಲೇ ಕೆಂಚವ್ವ ನನ್ನ ಕೈ ಹಿಡಿದು ದಿಣ್ಣೆಯ ಕೆಳಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಅವಳು ಹಾಕಿದ್ದ ಅವರೆ ಸಾಲು ಹೂ ಮಟ್ಟಕ್ಕೆ ನೀರಿನಲ್ಲಿ ನಿಂತಿತ್ತು.

"ನೋಡು, ನೋಡು ನೀನು ಮಾಡಿದ ಕೆಲ್ಸಾನ! ಒಂದು ಸುತ್ತು ಸಾಕಿತ್ತು ಕಣೋ. ಎರಡು ಸುತ್ತಿದ್ಯಲ್ಲ, ನನ್ನ ಅವರೆಕಾಯಿಗೂ ಬಂದ್ಲು!"

ಬಾಯಿ ಬಯ್ಯುತ್ತಿತ್ತು. ಮುಖ ಮಾತ್ರ, ಬಂದ ನೆಂಟರು ಮತ್ತೆ ಮತ್ತೆ ಬಡಿಸಿಕೊಂಡು ಉಂಡರೆಂದು ಹೇಳಿಕೊಳ್ಳುವ ಯಜಮಾನಿಯ ಮುಖ.

"ತಪ್ಪಾಯಿತವ್ವ. ಇನ್ನು ಸುತ್ತುವುದಿಲ್ಲ," ಎಂದೆ.

ಅವಳು ನೀರಿನ ಅಂಚನ್ನು ನೋಡಿದಳು. ತಿರುಗಿ, ದಿಣ್ಣೆಯ ಮೇಲಿನ ತನ್ನ ಹೊಸಿಲನ್ನು ನೋಡಿದಳು. ನಡುವಿನ ಇಳಿಜಾರನ್ನು ಕಣ್ಣಲ್ಲೇ ಅಳೆದಳು.

"ಸುತ್ತಪ್ಪ, ಸುತ್ತು," ಎಂದಳು. "ನಮ್ಮನೆ ಇನ್ನೂ ಮ್ಯಾಲೈತೆ."