ಶಾಲೆಗೆಂದು ಕೊಟ್ಟ ಶೂಗಳು

ಬೊಂಬಾಯಿ ಅಜ್ಜಯ್ಯನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ನುಣ್ಣಗೆ ಹೊಳೆಯುತ್ತಿತ್ತು. ಅಲ್ಲಿ ಒಂದು ಕೂದಲೂ ಇರಲಿಲ್ಲ. ಚರ್ಮ ಅಲ್ಲಲ್ಲಿ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಮುಟ್ಟಿ ನೋಡಬೇಕೆಂದು ನಮಗೆಲ್ಲ ಆಸೆ. ಕೇಳಿದರೆ ಬೇಡ ಎನ್ನುತ್ತಿರಲಿಲ್ಲ, ಕೈ ಮುಂದೆ ಚಾಚಿ ಬೇರೆಲ್ಲೋ ನೋಡುತ್ತಿದ್ದರು.

ಮೂರನೇ ಕ್ಲಾಸು ಮುಗಿಯುವ ಮೊದಲೇ ಬೊಂಬಾಯಿಯ ಹೋಟೆಲಿಗೆ ಸೇರಿದವರು ಅವರು. ಲೋಟ ತೊಳೆಯುವುದರಿಂದ ಶುರುಮಾಡಿ ಅಡುಗೆ ಭಟ್ಟರ ಮಟ್ಟಕ್ಕೆ ಬಂದು, ಕಣ್ಣು ಮಂಜಾದ ಮೇಲೆ, ೧೯೯೭ರಲ್ಲಿ, ಕಿರಿಮಂಜೇಶ್ವರದ ಮೂಡಣ ದಿಕ್ಕಿಗಿರುವ ನಮ್ಮ ಊರಿಗೆ ತಂಗಿಯ ಮನೆಗೆ ಮರಳಿದರು. ನಮ್ಮ ಮನೆಗೂ ಆ ಮನೆಗೂ ನಡುವೆ ಒಂದು ಗದ್ದೆ ಮಾತ್ರ. ನಾನಾಗ ಮೂರನೇ ಕ್ಲಾಸು, ಅಣ್ಣ ಐದನೆಯದು.

ಆ ವರ್ಷದ ಆಗಸ್ಟ್ ಹದಿನೈದಕ್ಕೆ ಅವರು ಶಾಲೆಗೆ ಬಂದಿದ್ದರು. ಶೂ ಇದ್ದ ಮಕ್ಕಳು ಧ್ವಜದ ಎದುರು ಸಾಲಾಗಿ ನಿಂತಿದ್ದರು. ಇಲ್ಲದವರು ಹಿಂದೆ, ಬಾವಿಕಟ್ಟೆಯ ಹತ್ತಿರ. ನಾವಿಬ್ಬರೂ ಬಾವಿಕಟ್ಟೆಯವರು. ಮಿಠಾಯಿ ಹಂಚುವಾಗ ಅಜ್ಜಯ್ಯ ನಮ್ಮ ಬಳಿ ಬಂದು ನಿಂತರು. ಬಗ್ಗಿ ನಮ್ಮ ಬರಿಗಾಲು ನೋಡಿದರು. ಮರುದಿನದಿಂದ ನಮ್ಮ ಪೈಕಿ ಕೆಲವರು ಶಾಲೆಗೇ ಬರಲಿಲ್ಲ. ಹಾಗೆ ಬಾರದಿರುವುದು ನಮ್ಮಲ್ಲಿ ಸುದ್ದಿಯೇ ಅಲ್ಲ.

ಮುಂದಿನ ಬೇಸಿಗೆಯಿಡೀ ಅಜ್ಜಯ್ಯ ಮದುವೆ ಅಡುಗೆಗೆ ಹೋದರು. ಮೇ ಕೊನೆಯಲ್ಲಿ ಒಂದು ಕಟ್ಟು ಹಳೇ ಪೇಪರು ಹಿಡಿದು ಮನೆಮನೆಗೆ ಬಂದರು. ಮಕ್ಕಳನ್ನು ಪೇಪರಿನ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಗೆರೆ ಹೆಬ್ಬೆರಳನ್ನು ದಾಟಿ ಇನ್ನಷ್ಟು ಮುಂದೆ ಹೋಗುತ್ತಿತ್ತು.

"ಅಜ್ಜಯ್ಯ, ಅದ್ ದೊಡ್ಡ ಆತ್ತ್" ಎಂದೆ.

"ಆಯ್ಲಿ ಹೆಣ್ಣೆ. ಕಾಲ್ ಬೆಳಿತ್ತ್, ಶೂ ಬೆಳಿತಿಲ್ಲೆ."

ಆ ಪೇಪರುಗಳನ್ನೆಲ್ಲ ಕುಂದಾಪುರಕ್ಕೆ ಒಯ್ದು, ಅದರ ಅಳತೆಗೆ ಕಪ್ಪು ಶೂಗಳನ್ನು ತಂದರು. ನಮ್ಮಲ್ಲಿ ಜೂನಿನ ಮಳೆಗೆ ಶೂ ಹಾಕಿ ಗದ್ದೆ ಅಂಚಿನಲ್ಲಿ ನಡೆಯಲು ಸಾಧ್ಯವೇ? ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ, ಶಾಲೆಯ ಜಗಲಿಯಲ್ಲಿ ಕಾಲು ಒರೆಸಿ ಹಾಕಿಕೊಳ್ಳುತ್ತಿದ್ದೆವು. ಆ ವರ್ಷದ ಆಗಸ್ಟ್ ಹದಿನೈದಕ್ಕೆ ಬಾವಿಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಅಜ್ಜಯ್ಯ ನಕ್ಕದ್ದನ್ನು ನಾನು ಕಂಡದ್ದು ಅಂದೇ.

ಅಣ್ಣ ಏಳನೆಯ ಕ್ಲಾಸಿನಲ್ಲಿದ್ದಾಗ ಅಪ್ಪ ಕೆಲಸಕ್ಕೆ ಹೋಗುತ್ತಿದ್ದ ಮೀನಿನ ಬೋಟಿನಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಆ ಕೂಲಿ ಅಕ್ಕಿಗಾದರೆ ಮದ್ದಿಗಾಗುತ್ತಿರಲಿಲ್ಲ. ಒಂದು ಸಂಜೆ ಅಪ್ಪ ಕೋಲೂರಿಕೊಂಡು ಗದ್ದೆ ದಾಟಿದರು. ನಾನೂ ಜೊತೆಗಿದ್ದೆ.

"ಬೊಂಬಾಯಣ್ಣ, ನಮ್ ಮಾಣಿಗೆ ಒಂದ್ ಹೋಟ್ಲಗೆ ಕೆಲ್ಸಕ್ಕೆ ಹೇಳಿ ಕೊಡಿ. ನಿಮ್ ಮಾತ್ ಅಲ್ಲಿ ನಡಿತ್ತ್."

ಅಜ್ಜಯ್ಯ ಅಂಗಿಯ ತೋಳು ಮಡಚಿದರು. "ಕಾಣ್. ಕಾದ ಎಣ್ಣಿ ಬಿದ್ದದ್ದ್ ಅವ್ನ್ ಪ್ರಾಯದಗೇ. ಹತ್ತನೇ ಕ್ಲಾಸಾರೂ ಆಯ್ಲಿ ಮಾರಾಯ."

ಅಪ್ಪ ಆ ಕೈಯನ್ನು ನೋಡುತ್ತ ಕುಳಿತರು. ಆಮೇಲೆ ಮೆಲ್ಲಗೆ ಹೇಳಿದರು: "ಕೈ ಸುಟ್ಟದ್ದ್ ಹೌದ್ ಅಣ್ಣ. ಆರೆ ನಿಮ್ಮ್ ಮನಿಯರ್ ಉಂಡದ್ದ್ ಅದೇ ಕೈಯಗೆ ಅಲ್ದಾ?"

ಅಜ್ಜಯ್ಯ ತೋಳು ಇಳಿಸಿದರು. ಯಾವ ಹೋಟೆಲಿಗೂ ಹೇಳಲಿಲ್ಲ.

ನವರಾತ್ರಿ ರಜೆಯಲ್ಲಿ ಅಮ್ಮನ ಕಡೆಯವರೊಬ್ಬರು ಅಣ್ಣನನ್ನು ಕರೆದೊಯ್ಯಲು ಒಪ್ಪಿದರು. ಹೆದ್ದಾರಿಯ ಬದಿಯಲ್ಲಿ ನಾವು ಬೊಂಬಾಯಿ ಬಸ್ಸಿಗೆ ಕಾಯುತ್ತಿದ್ದೆವು. ಕುಂದಾಪುರದಿಂದ ಬಂದ ಲೋಕಲ್ ಬಸ್ಸಿನಿಂದ ಅಜ್ಜಯ್ಯ ಇಳಿದರು. ಅಣ್ಣನ ಕಾಲಿನಲ್ಲಿ ಅವರು ಕೊಟ್ಟ ಶೂ ಇತ್ತು.

"ಎಲ್ಲಿಗ್ ಹೊರ್ಟದ್ದ್ ಮಾಣಿ?"

"ಬೊಂಬಾಯಿಗೆ ಅಜ್ಜಯ್ಯ." ಅಣ್ಣನಿಗೆ ಉತ್ಸಾಹವೇ ಇತ್ತು. "ಶೂ ಇದ್ದದ್ದ್ ಒಳ್ಳೇದಾಯ್ತಂಬ್ರ್. ಬರಿಗಾಲಗ್ ಹೋರೆ ಅಲ್ಲಿ ಮರ್ಯಾದಿ ಇಲ್ಲೆ ಅಂಬ್ರ್."

ಅಪ್ಪ ಮುಖ ತಿರುಗಿಸಿದರು. ಅಜ್ಜಯ್ಯ ಕೆಳಗೆ ಕೂತು, ಅಣ್ಣನ ಶೂ ಲೇಸು ಬಿಚ್ಚಿ, ಮತ್ತೆ ಗಟ್ಟಿಯಾಗಿ ಕಟ್ಟಿ ಎದ್ದರು. ಬಸ್ಸು ಬರುವವರೆಗೆ ನಿಲ್ಲಲಿಲ್ಲ.

ಅವನ ಹಿಂದೆ ಇನ್ನೂ ಹಲವರು ಹೋದರು, ಶಾಲೆಗೆಂದು ಕೊಟ್ಟ ಶೂ ಹಾಕಿಕೊಂಡೇ. ಅಜ್ಜಯ್ಯನ ಶೂಗೆ ಊರಲ್ಲಿ 'ಬೊಂಬಾಯಿ ಟಿಕೇಟು' ಎಂದು ಹೆಸರು ಬಿತ್ತು. ಅವರ ಕಿವಿಗೂ ಬಿದ್ದಿರಬೇಕು. ಆದರೂ ಪ್ರತಿ ಮೇ ತಿಂಗಳು ಪೇಪರು ಹಿಡಿದು ಬರುತ್ತಿದ್ದರು. ಅಮ್ಮ ಒಮ್ಮೆ, "ಇನ್ನೂ ಎಂತಕೆ ಕೊಡ್ತ್ರಿ? ಮಕ್ಕಳ್ ಇಲ್ಲಿ ಉಳೂದಿಲ್ಲೆ ಅಲ್ದಾ" ಎಂದಳು.

"ಹೋಪರ್ ಹೋತ್ರ್. ಎಣ್ಣಿ ಕಾಲಿಗಾರೂ ಬೀಳ್ದೆ ಇರ್ಲಿ" ಎಂದು ಪೇಪರು ಮಡಚಿದರು.

ಒಮ್ಮೆ ಬೊಂಬಾಯಿಗೆ ಹೋಗಿ ಅಣ್ಣನನ್ನು ಹುಡುಕಿಯೂ ಬಂದರು. ಅಮ್ಮನಿಗೆ ಹೇಳಿದ್ದು "ಆರಾಮಿದ್ದ" ಎಂದಷ್ಟೇ. ಅಂದು ನಡೆದದ್ದನ್ನು ಎಷ್ಟೋ ವರ್ಷಗಳ ನಂತರ ಅಣ್ಣನೇ ಹೇಳಿದ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಪ್ಲೇಟು ತೊಳೆಯುತ್ತಿದ್ದನಂತೆ. ಶೂ ಅವನು ಹೋದ ವಾರದಲ್ಲೇ ಕಳವಾಗಿತ್ತಂತೆ. ವಾಪಸು ಹೋಗುವ ಎಂದು ಅಜ್ಜಯ್ಯ ಕೈ ಹಿಡಿದು ಎಳೆದರೆ, "ಅಪ್ಪಯ್ಯನ ಮದ್ದಿಗೆ ಯಾರ್ ಕೊಡುದ್? ತಂಗಿ ಶಾಲಿಗೆ?" ಎಂದನಂತೆ. ಅಜ್ಜಯ್ಯ ಕೈ ಬಿಟ್ಟರಂತೆ.

ಬಾವಿಕಟ್ಟೆಯ ನಮ್ಮ ತಂಡದಲ್ಲಿ ಹತ್ತನೆಯ ತರಗತಿ ಪಾಸಾದವಳು ನಾನೊಬ್ಬಳೇ. ಫಲಿತಾಂಶ ಬಂದ ದಿನ ಓಡಿಹೋಗಿ ಅಜ್ಜಯ್ಯನಿಗೆ ಹೇಳಿದೆ. ಅವರು ಕೇಳಿದ್ದು, "ಅಣ್ಣನಿಗೆ ಹೇಳ್ದ್ಯಾ?"

"ಇಲ್ಲೆ."

"ಮೊದ್ಲ್ ಅವ್ನಿಗೆ ಹೇಳ್. ಅವ ಬಿಟ್ಟದ್ದನ್ನೇ ನೀನ್ ಓದಿದ್ದ್."

ಆ ಮಾತಿನ ಭಾರ ಈಗಲೂ ಇಳಿದಿಲ್ಲ. ನಾನು ಅಂಗನವಾಡಿ ಟೀಚರಾದದ್ದು, ಇಷ್ಟು ಬರೆಯುತ್ತಿರುವುದು ಎಲ್ಲವೂ ಈ ಇಬ್ಬರು ಕೊಟ್ಟದ್ದು. ಇಬ್ಬರಿಗೂ ಅದರಿಂದ ಏನೂ ಸಿಗಲಿಲ್ಲ.

ಕೆಲವು ವರ್ಷಗಳಿಂದ ಸರಕಾರವೇ ಶೂ ಕೊಡುತ್ತಿದೆ. ಮೊದಲ ಸಲ ಹಂಚುವಾಗ ಅಜ್ಜಯ್ಯನನ್ನು ಕೈಹಿಡಿದು ಕರೆದೊಯ್ದೆ. ಕಣ್ಣು ಪೂರ್ತಿ ಹೋಗಿತ್ತು. ಶಾಲೆಯಲ್ಲಿ ಒಂದು ಬೆಂಚು ತುಂಬುವಷ್ಟು ಮಾತ್ರ ಮಕ್ಕಳಿದ್ದರು. ಉಳಿದವರನ್ನು ಇಂಗ್ಲಿಷ್ ಮೀಡಿಯಮ್ಮಿನ ವ್ಯಾನು ಒಯ್ದಿತ್ತು. ಗದ್ದಲ ಕೇಳದೆ ಅವರು, "ಮಕ್ಕಳ್ ಇನ್ನೂ ಬರ್ಲಿಲ್ಯಾ?" ಎಂದು ಕೇಳಿದರು. "ಬತ್ತೊ" ಎಂದೆ.

ಅದೇ ಮಳೆಗಾಲದಲ್ಲಿ ಅಜ್ಜಯ್ಯ ತೀರಿಹೋದರು. ಅಂಗಳದಲ್ಲಿ ಚಟ್ಟ ಸಿದ್ಧವಾದಾಗ ಹೊರಲು ಊರಲ್ಲಿ ಹುಡುಗರೇ ಇರಲಿಲ್ಲ. ಹೊತ್ತವರು ಆ ಹುಡುಗರ ಅಪ್ಪಂದಿರು. ನಮ್ಮ ಅಪ್ಪ ಕೋಲು ಬದಿಗಿಟ್ಟು ಮುಂದೆ ಬಂದರು. ಅಮ್ಮ ತಡೆದಳು. "ಬೇಲಿ ವರಿಗಾರೂ ಹೊರ್ತೆ" ಎಂದು ಅಪ್ಪ ಹೆಗಲು ಕೊಟ್ಟರು.

ಮಧ್ಯಾಹ್ನ ಅಣ್ಣನ ಫೋನು ಬಂತು. ರಜೆ ಸಿಕ್ಕಿಲ್ಲ ಎಂದ. ಆಮೇಲೆ, "ಹೊತ್ತದ್ದ್ ಯಾರ್?" ಎಂದು ಕೇಳಿದ. ಒಬ್ಬೊಬ್ಬರ ಹೆಸರು ಹೇಳಿದೆ. ಕೊನೆಗೆ ಅಪ್ಪನದು. ಆಚೆ ಕಡೆಯಿಂದ ಪ್ಲೇಟುಗಳ ಸದ್ದು ಬರುತ್ತಿತ್ತು. ಯಾರೋ ಅವನನ್ನು ಕೂಗಿ ಕರೆಯುತ್ತಿದ್ದರು.