ನೀರು ಕೇಳಿದವರದು ಗಲಾಟೆ ಅಂತ ಬರೆದೆ

ಗೆಳತಿಯರೇ, ಇವತ್ತು ಸೋಮವಾರದ ಉಪವಾಸ. ಎಮ್ಮಿ ಹಿಂಡಿ, ಅಂಗಳ ಸಾರಿಸಿ, ಪೂಜಿ ಮುಗಿಸಿ ಮೊಬೈಲ್ ಹಿಡಿದೆ.

ಅಂತರಜಾಲದ ವಿಶ್ವಕೋಶಕ್ಕ ನಾವು ಕೆಲವರು ಈ ಭಾಗದ ಸಂಗತಿ ಬರೀತೀವಲ್ಲ, ಅದರ ತಲೆಬರಹ ಒಂದೇ ನಮೂನಿ ಇರಲಿ ಅಂತ ಗುಂಪಿನಾಗ ಮಾತಾಗಿತ್ತು. ಹೊಡೆದು ಬಡಿದು ಆಗಿದ್ರ ‘ಗಲಾಟೆ’, ಶಾಂತ ರೀತಿಯಿಂದ ಕೇಳಿದ್ರ ‘ಹೋರಾಟ’. ನಾನೇ ಮುಂದಾಗಿ ಎಲ್ಲಾ ಹೆಸರು ತಿದ್ದಿ ಹಾಕಿದೆ.

ನಮ್ಮೂರ ಕೆಳಗಿನ ಓಣಿಯ ಕಸ್ತೂರಿ, ಹುಕ್ಕೇರಿ ದವಾಖಾನ್ಯಾಗ ನರ್ಸ್, ಅದನ್ನ ನೋಡಿ ಫೋನ್ ಹಚ್ಚಿದಳು.

“ಅಕ್ಕಾರ, ನಿಮ್ಮ ಮನಿಯವರು ಕಬ್ಬಿನ ರೇಟಿಗೆ ಗೋಕಾಕ ರಸ್ತಾ ಬಂದ್ ಮಾಡಿ ಬಸ್ಸಿನ ಗಾಜ ಒಡದ್ರು. ಅದು ಹೋರಾಟ. ನಮ್ಮವ್ವ, ಓಣಿ ಹೆಣ್ಮಕ್ಕಳು ಖಾಲಿ ಕೊಡಾ ಇಟ್ಕೊಂಡು ಪಂಚಾಯ್ತಿ ಮುಂದ ನೀರಿಗಂತ ಸುಮ್ನ ಕುಂತಿದ್ರು. ಅದು ‘ಕೆಳಗಿನ ಓಣಿ ಗಲಾಟೆ’ ಹ್ಯಾಂಗಾತ್ರಿ?”

“ಊರಾಗ ಎಲ್ಲಾರೂ ಹಂಗ ಅಂತಾರಲ್ಲ ತಂಗಿ.”

“ಊರಾಗ ಅಂದ್ರ ನಿಮ್ಮ ಮ್ಯಾಲಿನ ಓಣ್ಯಾಗ, ಹೌದಲ್ರಿ?” ಅಂದು ಫೋನ್ ಇಟ್ಟಳು.

ಸಂಜಿ ದೇವರ ಮುಂದ ದೀಪ ಹಚ್ಚಾಕ ಹೋದ್ರ ನಾಚಿಕಿಂದ ತಲಿ ಎತ್ತಾಕ ಆಗಲಿಲ್ಲ. ಅವರದನ್ನ ‘ಕುಡಿಯುವ ನೀರಿನ ಹೋರಾಟ’ ಅಂತ ತಿದ್ದೀನಿ. ಕಬ್ಬಿನದು ಈಗ ‘ಗಲಾಟೆ’. ಉಪವಾಸ ನನ್ನದು, ಅದಕ್ಕ ಸಿಟ್ಟಾಗಿ ಊಟ ಬಿಟ್ಟು ಕುಂತವರು ಮನಿಯವರು.

ಕಸ್ತೂರಿ ನನ್ನ ಫೋನ್ ಎತ್ತವಲ್ಲಳು. ನಾಳೆ ಹುಕ್ಕೇರಿಗೆ ಹೋಗವರು ಯಾರರ ಇದ್ರ, ಈ ಹೆಸರು ಅವರವ್ವಗ ಒಪ್ಪಿಗಿ ಐತೋ ಇಲ್ಲೋ ದವಾಖಾನ್ಯಾಗ ಆಕಿನ್ನ ಕೇಳ್ರಿ. ಬೈದ್ರೂ ಬೈಲಿ, ಆಕಿ ಅಂದಿದ್ದನ್ನ ಹಂಗ ತಂದು ನನಗ ಮುಟ್ಟಸ್ರಿ.