ನಮ್ಮ ಶಾಲೆಯ ಸೀಲಿನಲ್ಲಿದ್ದ ಪೇಟೆ

ನಮ್ಮೂರು ಪೇಟೆ ಹೌದೋ ಅಲ್ಲವೋ ಎಂಬ ಜಗಳ ನಾನು ಹುಟ್ಟುವ ಮೊದಲೇ ನಮ್ಮ ಮನೆಯಲ್ಲಿ ಶುರುವಾಗಿತ್ತು. ಶಿರಸಿಯಿಂದ ಬನವಾಸಿ ಕಡೆಗೆ ಹೋಗುವ ಬಸ್ಸು ದಾರಿಯಲ್ಲಿ ಒಮ್ಮೆ ದೊಡ್ಡದಾಗಿ ಹಾರ್ನ್ ಹೊಡೆದು ನಿಲ್ಲುತ್ತದಲ್ಲ, ಅದೇ ನಮ್ಮೂರು. ಎಂಟು ಅಂಗಡಿ, ಒಂದು ಹಿಟ್ಟಿನ ಗಿರಣಿ, ಒಂದು ಖಾನಾವಳಿ, ವಾರಕ್ಕೊಂದು ಸಂತೆ. ಇಷ್ಟಕ್ಕೇ ಅಪ್ಪ ಅದನ್ನು ಪೇಟೆ ಅನ್ನುತ್ತಿದ್ದ. ತನ್ನ ಕಿರಾಣಿ ಅಂಗಡಿಯ ಬೋರ್ಡಿನ ಮೇಲೆ "ಮೇನ್ ರೋಡ್, ಪೇಟೆ" ಎಂದು ಬರೆಸಿದ್ದ. ಮೇನ್ ಅಲ್ಲದ ರೋಡು ಊರಲ್ಲಿ ಇನ್ನೊಂದು ಇರಲೇ ಇಲ್ಲ. ಯಾರಾದರೂ ಬಾಯಿತಪ್ಪಿ "ನಿಮ್ಮ ಹಳ್ಳಿ" ಅಂದರೆ ಅಪ್ಪನಿಗೆ ಮೂಗಿನ ತುದಿಗೇ ಸಿಟ್ಟು. "ಹಳ್ಳಿ ಅಲ್ರಿ, ಪ್ಯಾಟಿ! ಸಂತಿ ಕೂಡತೈತಿ ಇಲ್ಲಿ!" ಅವ್ವ ಒಳಗಿನಿಂದ, "ಹೊಟ್ಟಿಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗಿ ಹೂವು" ಎಂದು ಗೊಣಗುತ್ತಿದ್ದಳು.

ಆ ಎಂಟು ಅಂಗಡಿಗಳ ಸಾಲಿನ ಕೊನೆಗೆ ನಮ್ಮ ಸರಕಾರಿ ಪ್ರೌಢಶಾಲೆ. ಅದನ್ನು ನೆನೆಸಿಕೊಂಡರೆ ಈಗಲೂ ಮೊದಲು ಬರುವುದು ಸೀಮೆಸುಣ್ಣದ ವಾಸನೆಯಲ್ಲ, ಗಿರಣಿಯ ಜೋಳದ ಹಿಟ್ಟಿನ ವಾಸನೆ. ಇಂಗ್ಲಿಷ್ ಕಲಿಸುವವರ ಹುದ್ದೆ ಎರಡು ವರ್ಷ ಖಾಲಿ ಇತ್ತು. ಪ್ರಯೋಗಾಲಯ ಎಂದರೆ ಒಂದು ಕಪಾಟು, ಅದರ ಕೀಲಿಕೈ ಹೆಡ್‌ಮಾಸ್ತರರ ಜೇಬಿನಲ್ಲಿ. ಹೆಡ್‌ಮಾಸ್ತರರು ಸಿದ್ದಾಪುರದ ಹೇರೂರು ಕಡೆಯವರು, ನಮ್ಮೂರಲ್ಲಿ ಬಾಡಿಗೆ ಕೋಣೆ ಹಿಡಿದು, ಶನಿವಾರ ಮಧ್ಯಾಹ್ನ ಬೈಕ್ ಹತ್ತಿ ಮನೆಗೆ ಹೋಗುತ್ತಿದ್ದರು. ನಮ್ಮ ಜೊತೆ ಮಾತಾಡುವಾಗ ಪುಸ್ತಕದ ಭಾಷೆ. ಗಾಬರಿಯಾದಾಗ ಮಾತ್ರ ಮನೆಯ ಹವ್ಯಕ ಭಾಷೆ ಹೊರಗೆ ಬರುತ್ತಿತ್ತು. ಅದನ್ನು ಕೇಳಲಿಕ್ಕೆಂದೇ ನಾವು ಅವರನ್ನು ಗಾಬರಿ ಮಾಡುತ್ತಿದ್ದೆವು.

ಚಿಕ್ಕಪ್ಪನ ಮಗಳು ಶಿರಸಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. ಹಳದಿ ಬಸ್ಸು, ಟೈ, ಕಪ್ಪು ಬೂಟು. ನನಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ? ಎಂಟನೇ ಇಯತ್ತೆಗೆ ನನ್ನನ್ನೂ ಅಲ್ಲಿಗೆ ಹಾಕುತ್ತೇನೆಂದು ಅಪ್ಪ ಕುಣಿದಿದ್ದ. ಅವ್ವ ಒಂದೇ ಮಾತಿಗೆ ಅವನ ಕುಣಿತ ನಿಲ್ಲಿಸಿದಳು. "ನಮ್ಮೂರು ಪ್ಯಾಟಿ ಅಂತೀರಿ. ಪ್ಯಾಟಿ ಬಿಟ್ಟು ಇನ್ನೊಂದು ಪ್ಯಾಟಿಗೆ ಯಾಕ ಕಳಸ್ತೀರಿ?" ನಾನು ಎರಡು ದಿನ ಉಣ್ಣದೆ ಮಲಗಿದೆ, ಮೂರನೇ ದಿನ ಹಸಿವಾಗಿ ಎದ್ದು ಸರಕಾರಿ ಶಾಲೆಗೇ ಹೋದೆ.

ಆ ಶಾಲೆಯ ಕಿಟಕಿಯೇ ನನ್ನನ್ನು ಈ ಕೆಲಸಕ್ಕೆ ತಂದದ್ದು. ಕಿಟಕಿಯಾಚೆ ದನದ ಆಸ್ಪತ್ರೆ. ಅಲ್ಲಿ ಕಾಯಂ ವೈದ್ಯರಿರಲಿಲ್ಲ, ಸಂತೆಯ ದಿನ ಮಾತ್ರ ಶಿರಸಿಯಿಂದ ಒಬ್ಬರು ಬರುತ್ತಿದ್ದರು. ಕಬ್ಬಿಣದ ಚೌಕಟ್ಟಿನೊಳಗೆ ಎಮ್ಮೆಯನ್ನು ನಿಲ್ಲಿಸಿ, ಭುಜದವರೆಗೂ ಕೈ ಹಾಕಿ, ಕಣ್ಣು ಮುಚ್ಚಿ, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ನಿಲ್ಲುತ್ತಿದ್ದರು. ಆಮೇಲೆ "ಗಬ್ಬ ಐತಿ" ಅನ್ನುತ್ತಿದ್ದರು. ಎಮ್ಮೆಯ ಯಜಮಾನನ ಮುಖ ಅರಳುತ್ತಿತ್ತು. ಬೀಜಗಣಿತದ ತರಗತಿಯಲ್ಲಿ ಇದನ್ನು ನೋಡುತ್ತಾ ಎಷ್ಟು ಸಲ ಕಿವಿ ಹಿಂಡಿಸಿಕೊಂಡೆನೋ! ಆದರೂ ಒಂಬತ್ತನೇ ಇಯತ್ತೆಯಲ್ಲೇ ನಿಶ್ಚಯವಾಗಿತ್ತು, ನಾನು ದನದ ಡಾಕ್ಟರೇ ಆಗುವವಳು.

ಅದೇ ವರ್ಷ ಶಾಲೆಯ ಹಳೇ ಸೀಲು ಸವೆದು ಅಕ್ಷರವೇ ಮೂಡದಂತಾಯಿತು. ಅಪ್ಪ ಆಗ ಶಾಲಾ ಸಮಿತಿಯ ಅಧ್ಯಕ್ಷ. "ನಾ ಮಾಡಿಸಿಕೊಂಡು ಬರ್ತೀನಿ, ಬಿಡ್ರಿ" ಎಂದು ಶಿರಸಿಗೆ ಹೋಗಿ, ಹೊಸ ರಬ್ಬರ್ ಸೀಲನ್ನು ಅರಿಶಿನ ಕುಂಕುಮ ಹಚ್ಚಿ ತಂದ. ಹೆಡ್‌ಮಾಸ್ತರರು ಒಂದು ಹಾಳೆಯ ಮೇಲೆ ಒತ್ತಿ ನೋಡಿದರು. "ಸರಕಾರಿ ಪ್ರೌಢಶಾಲೆ, ಪೇಟೆ" ಎಂದಿತ್ತು. ಊರಿನ ಹೆಸರು ಇರಬೇಕಾದ ಜಾಗದಲ್ಲಿ ಅಪ್ಪ ತನ್ನ ಜೀವಮಾನದ ಆಸೆಯನ್ನು ಕೆತ್ತಿಸಿದ್ದ. ಹೆಡ್‌ಮಾಸ್ತರರು ನಕ್ಕು, "ಇರಲಿ ಬಿಡಿ, ಅಧ್ಯಕ್ಷರ ಪ್ರೀತಿ" ಅಂದರು. ಮೂರು ವರ್ಷ ಆ ಸೀಲು ಅಂಕಪಟ್ಟಿಗಳ ಮೇಲೆ, ರಜೆ ಚೀಟಿಗಳ ಮೇಲೆ, ಬಿಸಿಯೂಟದ ಅಕ್ಕಿಯ ರಸೀದಿಗಳ ಮೇಲೆ ಸುಮ್ಮನೆ ಬಿದ್ದಿತು. ಯಾರಿಗೂ ಏನೂ ಆಗಲಿಲ್ಲ.

ಪಿಯುಸಿ ಶಿರಸಿಯಲ್ಲಿ ಮುಗಿಸಿ ಸಿಇಟಿ ಬರೆದೆ. ಅದೇ ಸೀಟಿನ ಆಸೆಯಿಂದ ಜೊತೆಗೇ ಬರೆದಿದ್ದ ಚಿಕ್ಕಪ್ಪನ ಮಗಳ ರ‍್ಯಾಂಕು ನನಗಿಂತ ಎಷ್ಟೋ ಮುಂದಿತ್ತು. ಸಾಮಾನ್ಯ ಸಾಲಿನಲ್ಲಿ ನಿಂತರೆ ನನ್ನ ರ‍್ಯಾಂಕಿಗೆ ಪಶುವೈದ್ಯಕೀಯ ಸೀಟಿನ ಬಾಗಿಲೂ ಕಾಣುತ್ತಿರಲಿಲ್ಲ. ನನಗಿದ್ದ ದಾರಿ ಒಂದೇ. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇತ್ತು, ಅದರಲ್ಲಿ ಸೀಟು ಬರುವ ಹಾಗಿತ್ತು. ಯಾವ ಶಾಲೆಗೆ ಅಳುತ್ತಾ ಹೋಗಿದ್ದೆನೋ ಅದೇ ಶಾಲೆ ಈಗ ನನ್ನ ಕೈ ಹಿಡಿಯಬೇಕಿತ್ತು. ಹೆಡ್‌ಮಾಸ್ತರರು ಪ್ರಮಾಣಪತ್ರ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು. ಒಂದರಿಂದ ಏಳರವರೆಗಿನ ಪತ್ರ ಆಗಲೇ ಕೈಯಲ್ಲಿತ್ತು, ಇದರ ಮೇಲೆ ತಾಲೂಕಿನ ಶಿಕ್ಷಣಾಧಿಕಾರಿಯ ಸಹಿ ಆಗಬೇಕಿತ್ತು. ಮರುದಿನವೇ ದಾಖಲೆ ಪರಿಶೀಲನೆ.

ಅಪ್ಪನೂ ನಾನೂ ಶಿರಸಿಯ ಕಚೇರಿಗೆ ಹೋದೆವು. ಅಧಿಕಾರಿ ಹೆಂಗಸು, ಕನ್ನಡಕ ಏರಿಸಿ ಓದಿದರು. "ಪೇಟೆ ಅಂತ ಸೀಲಿದೆಯಲ್ಲಮ್ಮ. ಪೇಟೆಯ ಶಾಲೆಗೆ ಗ್ರಾಮೀಣ ಅಂತ ಹೇಗೆ ಸಹಿ ಹಾಕಲಿ?" ಅವರು ಅಪ್ಪನ ಕಡೆ ತಿರುಗಿದರು. "ಯಜಮಾನರೇ, ನಿಮ್ಮದು ಹಳ್ಳಿಯೋ ಪೇಟೆಯೋ?"

ದೇವರೇ, ಆ ಪ್ರಶ್ನೆಯನ್ನು ಅಪ್ಪನಿಗೆ ಕೇಳಬಾರದಿತ್ತು. ಇಡೀ ಆಯುಷ್ಯ ಅದೊಂದೇ ಉತ್ತರ ಕೊಟ್ಟ ನಾಲಿಗೆ, ತಲೆಗೆ ವಿಷಯ ಮುಟ್ಟುವ ಮೊದಲೇ ಓಡಿತು. "ಪ್ಯಾಟೀನ ರಿ ಮೇಡಂ! ಸಂತಿ ಕೂಡತೈತಿ!"

ನಾನು ಅವನ ತೋಳು ಚಿವುಟಿದೆ. ಆಗ ಅವನಿಗೆ ತಿಳಿಯಿತು. "ಅಲ್ರಿ... ಅಂದ್ರ... ಹಂಗಲ್ರಿ" ಎಂದು ತೊದಲಿದ. ಅಧಿಕಾರಿ ಕೆಟ್ಟವರಲ್ಲ, ನಗು ತಡೆದುಕೊಂಡು ಹೇಳಿದರು. "ಶಾಲೆ ಗ್ರಾಮ ಪಂಚಾಯ್ತಿ ಗಡಿಯೊಳಗಿದೆ ಅಂತ ಪಂಚಾಯ್ತಿಯಿಂದ ಪತ್ರ ತನ್ನಿ. ಶಾಲೆಯಿಂದ ಬೇರೆ ಪ್ರಮಾಣಪತ್ರ ತನ್ನಿ. ಐದೂವರೆವರೆಗೆ ನಾನು ಇಲ್ಲೇ ಇರ್ತೇನೆ." ಗೋಡೆಯ ಗಡಿಯಾರದಲ್ಲಿ ಆಗ ಒಂದೂ ಮುಕ್ಕಾಲು.

ನನ್ನನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ಅಪ್ಪ ಓಡಿದ. ಅವನು ಓಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕೂತಲ್ಲಿ ನನಗೆ ಎಂಥಾ ಸಿಟ್ಟು ಬಂತೆಂದರೆ, ಪೇಟೆ ಎಂಬ ಶಬ್ದವನ್ನೇ ಕನ್ನಡದಿಂದ ತೆಗೆದುಹಾಕಬೇಕು ಅನ್ನಿಸಿತು. ಹೆತ್ತಪ್ಪನ ಡೌಲಿಗೆ ನನ್ನ ಎಮ್ಮೆಗಳು, ನನ್ನ ಕಬ್ಬಿಣದ ಚೌಕಟ್ಟು ಎಲ್ಲ ಹೋದವಲ್ಲ ಎಂದು ಫೈಲಿನ ಮರೆಯಲ್ಲಿ ಅತ್ತೆ. ನಾಲ್ಕಾಯಿತು. ನಾಲ್ಕೂವರೆಯಾಯಿತು. ಗುಮಾಸ್ತರು ಒಮ್ಮೆ ಚಹಾ ಬೇಕೇ ಎಂದು ಕೇಳಿದರು, ಬೇಡ ಅಂದೆ.

ಐದು ಹತ್ತಕ್ಕೆ ಹೆಡ್‌ಮಾಸ್ತರರ ಬೈಕು ಅಂಗಳಕ್ಕೆ ಬಂತು. ಹಿಂದೆ ಕೂತ ಅಪ್ಪನ ಟೋಪಿ, ಮೀಸೆ ಎಲ್ಲ ಕೆಂಪು ಧೂಳು. ಪಂಚಾಯ್ತಿಯ ಪತ್ರ ಸಿಕ್ಕಿತ್ತು. ಸೀಲು? ಹೊಸದು ಮಾಡಿಸಲು ಹೊತ್ತಿರಲಿಲ್ಲ. ಅಪ್ಪ ಜೇಬಿನಿಂದ ಕರವಸ್ತ್ರದ ಗಂಟು ಬಿಚ್ಚಿ ಅದೇ ಸೀಲನ್ನು ತೆಗೆದ. ಶಾಲೆಯ ಮೆಟ್ಟಿಲ ಮೇಲೆ ಕೂತು, ಗಡ್ಡ ಹೆರೆಯುವ ಬ್ಲೇಡಿನಿಂದ "ಪೇಟೆ"ಯನ್ನು ತಾನೇ ಕೆತ್ತಿ ತೆಗೆದಿದ್ದನಂತೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

ಹೆಡ್‌ಮಾಸ್ತರರು ನನ್ನ ಅತ್ತ ಮುಖ ನೋಡಿ ಮನೆಯ ಭಾಷೆಗೇ ಇಳಿದರು. "ಅಯ್ಯೋ ರಾಮಾ, ಎಂತಾ ಮಾಡ್ಕ್ಯಂಡಿ ಆನು! ಮೊದ್ಲೇ ನೋಡಕಾಗಿತ್ತು." ತಪ್ಪು ತಮ್ಮದೇ ಎಂಬ ಆ ಮಾತು ಕೇಳಿ ಆ ದಿನ ಮಾತ್ರ ನನಗೆ ನಗು ಬರಲಿಲ್ಲ. ಅವರು ಅಧಿಕಾರಿಯ ಮೇಜಿನ ಮೇಲೆಯೇ ಹೊಸ ಪ್ರಮಾಣಪತ್ರ ಬರೆದು, ಊರ ಹೆಸರನ್ನು ಕೈಯಲ್ಲಿ ಸ್ಪಷ್ಟವಾಗಿ ತುಂಬಿ, ಸೀಲು ಒತ್ತಿದರು. "ಸರಕಾರಿ ಪ್ರೌಢಶಾಲೆ," ಎಂದು ಮೂಡಿತು. ಅಲ್ಪವಿರಾಮ ಹಾಗೇ ಉಳಿದಿತ್ತು, ಅದರ ಮುಂದೆ ಏನೂ ಇರಲಿಲ್ಲ.

ಅಧಿಕಾರಿ ಪೆನ್ನು ಎತ್ತಿ, ಬೇಕೆಂದೇ ಮತ್ತೊಮ್ಮೆ ಕೇಳಿದರು. "ಈಗ ಹೇಳಿ ಯಜಮಾನರೇ, ಹಳ್ಳಿಯೋ ಪೇಟೆಯೋ?"

ಅಪ್ಪ ನನ್ನ ಕಡೆ ನೋಡಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹಳ್ಳಿ ರಿ ಮೇಡಂ. ಖರೇನ ಹಳ್ಳಿ. ಏನೂ ಇಲ್ರಿ ಅಲ್ಲಿ."

ಅವರು ಸಹಿ ಹಾಕಿದರು.

ಸೀಟು ಸಿಕ್ಕಿತು. ನನಗಿಂತ ಮುಂದಿದ್ದ ಚಿಕ್ಕಪ್ಪನ ಮಗಳಿಗೆ ಅದು ಸಿಗಲಿಲ್ಲ. ಅವಳು ಬೇರೆ ಏನೋ ಓದಿ ಚೆನ್ನಾಗಿಯೇ ಇದ್ದಾಳೆ, ಆದರೂ ಎದುರು ಕೂತಾಗ ಇಂದಿಗೂ ನಾನು ಆ ಮಾತು ತೆಗೆಯುವುದಿಲ್ಲ. ಈಗ ಯಲ್ಲಾಪುರ ತಾಲೂಕಿನಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ತಿರುಗುತ್ತೇನೆ. ಭುಜದವರೆಗೆ ಕೈ ಹಾಕಿ ಕಣ್ಣು ಮುಚ್ಚಿದಾಗ ನನಗೆ ಕೇಳುವುದು ನಮ್ಮೂರ ಗಿರಣಿಯ ಸದ್ದು.

ಅಪ್ಪ ಆಮೇಲೆ ಯಾರೆದುರಿಗೂ ಪ್ಯಾಟಿ ಅನ್ನಲಿಲ್ಲ. ಅಂಗಡಿಯ ಬೋರ್ಡಿನ ಮೇಲೂ ಆ ಶಬ್ದಕ್ಕೆ ಸುಣ್ಣ ಬಳಿದ. ನಾನೇ ಒಮ್ಮೆ ಕೆಣಕಿದೆ, "ಯಾಕಪ್ಪಾ, ಪ್ಯಾಟಿ ಎಲ್ಲಿ ಹೋತು?" ಅವನು ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. "ಸಾಲ್ಯಾಗ ಇನ್ನೂ ಹುಡುಗ್ಯಾರು ಓದಾಕತ್ತಾರ, ಸುಮ್ಕಿರ" ಅಂದ.